ಗಡಿಯ ಎರಡೂ ಕಡೆ ಒಂದೇ ಗೆರೆ: ಮಲೇರಿಯಾ ಆರ್‌ಡಿಟಿ ಕಿಟ್ ವಿಮರ್ಶೆ

ಒಂದು ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 25 ಪರೀಕ್ಷೆಗಳು. ಒಂದೊಂದಕ್ಕೂ ಬೇರೆ ಬೇರೆ ಅಲ್ಯುಮಿನಿಯಂ ಪೊಟ್ಟಣ. ಒಳಗೆ ಬೆರಳುದ್ದದ ಪ್ಲಾಸ್ಟಿಕ್ ಕ್ಯಾಸೆಟ್ಟು, ತೇವ ಹೀರುವ ಸಿಲಿಕಾ ಜೆಲ್ ಚೀಲ. ಜೊತೆಗೆ ಬೆರಳು ಚುಚ್ಚುವ ಲ್ಯಾನ್ಸೆಟ್, ಸ್ಪಿರಿಟ್ ಹತ್ತಿ, 5 ಮೈಕ್ರೋಲೀಟರ್ ರಕ್ತ ಎತ್ತುವ ಪುಟ್ಟ ಸಾಧನ, ಎಲ್ಲಕ್ಕೂ ಸೇರಿ ಒಂದು ಬಾಟಲಿ ಬಫರ್ (ರಕ್ತವನ್ನು ಪಟ್ಟಿಯ ಮೇಲೆ ಹರಿಸುವ ದ್ರವ), ಮಡಚಿಟ್ಟ ಸೂಚನಾ ಪತ್ರ. ಇದೇ ಬೈವೇಲೆಂಟ್ ಆರ್‌ಡಿಟಿ ಕಿಟ್, ಅಂದರೆ ಮಲೇರಿಯಾ ತರುವ ಫಾಲ್ಸಿಪಾರಮ್ ಮತ್ತು ವೈವಾಕ್ಸ್ ಎಂಬ ಎರಡು ಪರಾವಲಂಬಿಗಳನ್ನೂ ಒಂದೇ ಕ್ಯಾಸೆಟ್ಟಿನಲ್ಲಿ ತೋರಿಸುವ ಶೀಘ್ರ ಪರೀಕ್ಷೆ. ಇಲ್ಲಿ ಯಾವುದೋ ಒಂದು ಕಂಪನಿಯ ಮಾಲನ್ನು ಹೊಗಳುವ, ತೆಗಳುವ ಉದ್ದೇಶವಿಲ್ಲ. ಈ ಬಗೆಯ ಕಿಟ್ ಗಡಿ ಜಿಲ್ಲೆಗಳಲ್ಲಿ ಎಷ್ಟರಮಟ್ಟಿಗೆ ಕೆಲಸಕ್ಕೆ ಬರುತ್ತದೆ, ಎಲ್ಲಿ ಕೈಕೊಡುತ್ತದೆ, ಕೊಳ್ಳುವಾಗ ಏನು ನೋಡಬೇಕು ಎಂಬುದಷ್ಟೇ ವಿಷಯ.

ಗಡಿ ಎಂದರೆ ಯಾವ ಗಡಿ? ತ್ರಿಪುರಾದ ಧಲಾಯಿ, ಮಿಜೋರಾಮಿನ ಲಾಂಗ್‌ಟ್ಲಾಯಿ, ಅವುಗಳ ಆಚೆಗೆ ಬಾಂಗ್ಲಾದೇಶದ ಬಂದರ್‌ಬನ್, ರಾಂಗಾಮಾಟಿ, ಖಾಗ್ರಾಛಡಿ ಬೆಟ್ಟಸೀಮೆ. ಬಾಂಗ್ಲಾದೇಶದ ಮಲೇರಿಯಾದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಈ ಮೂರು ಜಿಲ್ಲೆಗಳದ್ದೇ. ಕಾಡು ಕಡಿದು ಸುಟ್ಟು ಮಾಡುವ ಝೂಮ್ ಬೇಸಾಯ, ಬಿದಿರು ಕಡಿತ, ಸಂತೆ, ನೆಂಟಸ್ತಿಕೆ ಎಂದು ಜನ ಓಡಾಡುತ್ತಲೇ ಇರುತ್ತಾರೆ. ಜ್ವರ ಬಂದವನು ಸೋಮವಾರ ಒಂದು ದೇಶದ ಆರೋಗ್ಯ ಕಾರ್ಯಕರ್ತೆಗೆ ಬೆರಳು ಕೊಟ್ಟು, ಗುರುವಾರ ಇನ್ನೊಂದು ದೇಶದಲ್ಲಿ ಮಲಗಿರಬಹುದು. ಅಂಥ ಕಡೆ ಸೂಕ್ಷ್ಮದರ್ಶಕ, ಅದನ್ನು ನೋಡಬಲ್ಲ ತಂತ್ರಜ್ಞ, ಕರೆಂಟು ಮೂರೂ ಒಟ್ಟಿಗೆ ಸಿಗುವುದು ಅಪರೂಪ. ಸೂಕ್ಷ್ಮದರ್ಶಕದಡಿ ನೋಡುವ ರಕ್ತಲೇಪನದ ಫಲಿತಾಂಶ 24 ಗಂಟೆಯೊಳಗೆ ಸಿಗದ ಊರಿನಲ್ಲಿ ಆರ್‌ಡಿಟಿ ಬಳಸಬೇಕು ಎನ್ನುವುದು ನಮ್ಮ ರಾಷ್ಟ್ರೀಯ ಕಾರ್ಯಕ್ರಮದ ನಿಯಮವೂ ಹೌದು. ಆಶಾ ಕಾರ್ಯಕರ್ತೆಯ ಚೀಲದಲ್ಲಿ ಹಿಡಿಸುವ, 20 ನಿಮಿಷದಲ್ಲಿ ಉತ್ತರ ಕೊಡುವ ಸಾಧನ ಇನ್ನೊಂದಿಲ್ಲ. ಆ ಒಂದು ಕಾರಣಕ್ಕೇ ಈ ಕಿಟ್ಟಿಗೆ ನಮ್ಮ ಮೊದಲ ಮತ ಸಲ್ಲುತ್ತದೆ.

ಕೊಳ್ಳುವ ಮೊದಲು ನೋಡಬೇಕಾದ್ದು ಕಿಟಕಿ. ಕ್ಯಾಸೆಟ್ಟಿನ ನಡುವಿನ ಓದುವ ಕಿಟಕಿಯಲ್ಲಿ ಮೂರು ಗುರುತುಗಳಿರುತ್ತವೆ. 'ಸಿ' ಎಂದರೆ ಪರೀಕ್ಷೆ ಸರಿಯಾಗಿ ಓಡಿತು ಎನ್ನುವ ಕಂಟ್ರೋಲ್ ಗೆರೆ. 'ಪಿಎಫ್' ಗೆರೆ ಫಾಲ್ಸಿಪಾರಮ್ ಪರಾವಲಂಬಿ ಬಿಡುಗಡೆ ಮಾಡುವ ಎಚ್‌ಆರ್‌ಪಿ2 ಎಂಬ ಪ್ರೋಟೀನನ್ನು ಹಿಡಿಯುತ್ತದೆ. ವ್ಯತ್ಯಾಸ ಇರುವುದು ಮೂರನೆಯದರಲ್ಲಿ. ಕೆಲವು ಕಿಟ್‌ಗಳಲ್ಲಿ ಅದು 'ಪಿವಿ', ವೈವಾಕ್ಸ್‌ನ ಪಿಎಲ್‌ಡಿಎಚ್ ಎಂಬ ಪ್ರೋಟೀನನ್ನಷ್ಟೇ ಹಿಡಿಯುವ ಗೆರೆ. ಇನ್ನು ಕೆಲವದರಲ್ಲಿ 'ಪ್ಯಾನ್', ಅಂದರೆ ಯಾವುದೇ ಜಾತಿಯ ಮಲೇರಿಯಾ ಇದ್ದರೂ ಮೂಡಬಹುದಾದ ಗೆರೆ. ಹೊರಗಿನಿಂದ ನೋಡಿದರೆ ಎರಡೂ ಕ್ಯಾಸೆಟ್ಟು ಅವಳಿ ಮಕ್ಕಳಂತೆ ಇರುತ್ತವೆ. ಆದರೆ ಒಂದು ಕಡೆ ಪಿವಿ ಕಿಟ್, ಇನ್ನೊಂದು ಕಡೆ ಪ್ಯಾನ್ ಕಿಟ್ ಬಳಸಿದರೆ ಎರಡೂ ಕಡೆಯ ಲೆಕ್ಕವನ್ನು ಕೂಡಿಸಲು ಬರುವುದಿಲ್ಲ.

ಹೇಗೆಂದು ನೋಡಿ. ಒಬ್ಬರಿಗೆ ಫಾಲ್ಸಿಪಾರಮ್, ವೈವಾಕ್ಸ್ ಎರಡೂ ಇವೆ ಎಂದುಕೊಳ್ಳಿ. ಪಿವಿ ಕಿಟ್ಟಿನಲ್ಲಿ ಮೂರೂ ಗೆರೆ ಮೂಡುತ್ತವೆ, ಮಿಶ್ರ ಸೋಂಕು ಎಂದು ಗೊತ್ತಾಗುತ್ತದೆ. ಪ್ಯಾನ್ ಕಿಟ್ಟಿನಲ್ಲೂ ಮೂರೂ ಗೆರೆ ಮೂಡುತ್ತವೆ, ಆದರೆ ಬರೀ ಫಾಲ್ಸಿಪಾರಮ್ ಇದ್ದಾಗಲೂ ಅಲ್ಲಿ ಮೂರೂ ಮೂಡಬಹುದು. ಹಾಗಾಗಿ ಅದನ್ನು ಫಾಲ್ಸಿಪಾರಮ್ ಎಂದೇ ಬರೆದುಕೊಂಡು ಅದರ ಮಾತ್ರೆ ಕೊಟ್ಟು ಕಳಿಸುತ್ತಾರೆ. ಯಕೃತ್ತಿನಲ್ಲಿ ಅಡಗಿ ಕುಳಿತ ವೈವಾಕ್ಸ್‌ಗೆ 14 ದಿನದ ಪ್ರೈಮಾಕ್ವಿನ್ ಮಾತ್ರೆ ಸಿಗುವುದಿಲ್ಲ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಅದೇ ಮನುಷ್ಯನಿಗೆ ಗಡಿಯ ಈಚೆ ಚಳಿಜ್ವರ ಮರುಕಳಿಸುತ್ತದೆ. ಇಲ್ಲಿಯ ದಾಖಲೆಯಲ್ಲಿ ಅದು ಹೊಸ ಪ್ರಕರಣ, 'ಸ್ಥಳೀಯ' ಪ್ರಕರಣ. ನಿರ್ಮೂಲನೆಯ ಹೊಸ್ತಿಲಲ್ಲಿರುವ ಜಿಲ್ಲೆಗೆ ಇಂಥ ಒಂದೇ ಒಂದು ನಮೂದು ಸಾಕು, ಇಡೀ ತಂಡ ಇಲ್ಲದ ಸೊಳ್ಳೆಯನ್ನು ಹುಡುಕಿಕೊಂಡು ಊರು ಸುತ್ತಬೇಕಾಗುತ್ತದೆ. ನೆರೆಯ ಎರಡು ಜಿಲ್ಲೆಗಳು ಬೇರೆ ಏನನ್ನು ಒಟ್ಟಿಗೆ ಮಾಡದಿದ್ದರೂ ಒಂದೇ ಬಗೆಯ ಕಿಟಕಿ ಇರುವ ಕಿಟ್ ತರಿಸಬೇಕು ಎಂದು ನಾವು ಒತ್ತಿ ಹೇಳುವುದು ಇದಕ್ಕಾಗಿ. ಫಾಲ್ಸಿಪಾರಮ್ ಜೊತೆ ವೈವಾಕ್ಸೂ ಇರುವ ಕಡೆಗೆ ಪಿವಿ ಕಿಟ್ಟೇ ಲೇಸು.

ಇನ್ನು ಬಳಕೆ. ಸೂಚನಾ ಪತ್ರದಲ್ಲಿ ಎಲ್ಲವೂ ಇದೆ. ಆದರೂ ತಪ್ಪುಗಳು ಪದೇಪದೇ ಅವೇ ನಾಲ್ಕೈದು ಜಾಗದಲ್ಲಿ ಆಗುತ್ತವೆ.

ಮೊದಲು ಅವಧಿ ಮುಗಿಯುವ ದಿನಾಂಕ ನೋಡಿ. ಪೊಟ್ಟಣ ಹಿಸುಕಿ, ಗಾಳಿ ಸೋರುತ್ತಿದ್ದರೆ ಬಿಸಾಡಿ. ಹರಿದ ಮೇಲೆ ಸಿಲಿಕಾ ಜೆಲ್ಲಿನ ಬಣ್ಣ ನೋಡಿ. ಬಣ್ಣ ತಿರುಗಿದ್ದರೆ ಒಳಗೆ ತೇವ ಹೊಕ್ಕಿದೆ ಎಂದರ್ಥ, ಆ ಕ್ಯಾಸೆಟ್ಟನ್ನು ಬಳಸಬಾರದು. ತೆರೆದ ತಕ್ಷಣ ಉಪಯೋಗಿಸಬೇಕು. ಬೆಳಿಗ್ಗೆಯೇ ಹತ್ತು ಪೊಟ್ಟಣ ಹರಿದು ಸಾಲಾಗಿ ಜೋಡಿಸಿಟ್ಟುಕೊಳ್ಳುವುದು ಮಳೆಗಾಲದ ಬೆಟ್ಟಸೀಮೆಯಲ್ಲಿ ಕಿಟ್ ಹಾಳು ಮಾಡುವ ಸುಲಭದ ದಾರಿ. ಕ್ಯಾಸೆಟ್ಟಿನ ಮೇಲೆ ಹೆಸರು ಬರೆಯುವ ಕೆಲಸ ರಕ್ತ ಹಾಕುವ ಮೊದಲೇ ಮುಗಿಯಬೇಕು.

ಬಲಗೈ ಬಳಸುವವರಿಗೆ ಎಡಗೈಯ ಉಂಗುರದ ಬೆರಳು. ಸ್ಪಿರಿಟ್ ಪೂರ್ತಿ ಆರಲಿ, ಇಲ್ಲದಿದ್ದರೆ ರಕ್ತ ಹನಿಯಾಗಿ ನಿಲ್ಲದೆ ಹರಡಿಹೋಗುತ್ತದೆ. ಬೆರಳ ತುದಿಯ ನಟ್ಟನಡುವೆ ಚುಚ್ಚದೆ ಸ್ವಲ್ಪ ಪಕ್ಕಕ್ಕೆ ಚುಚ್ಚಿದರೆ ನೋವು ಕಡಿಮೆ. ರಕ್ತ ಎತ್ತುವ ಸಾಧನಗಳಲ್ಲಿ ಹಲವು ಬಗೆ: ಬಳೆಯಾಕಾರದ ಲೂಪ್, ಸಣ್ಣ ಗಾಜಿನ ಅಥವಾ ಪ್ಲಾಸ್ಟಿಕ್ ನಳಿಕೆ, ಹಿಂಡುವ ಪಿಪೆಟ್, ಬೋರಲು ಬಟ್ಟಲಿನಂಥ ತುದಿ ಇರುವ ಕಡ್ಡಿ. ಇವುಗಳಲ್ಲಿ ಬೋರಲು ಬಟ್ಟಲಿನದು ಕ್ಷೇತ್ರಕ್ಕೆ ಒಗ್ಗುತ್ತದೆ. ಹನಿಗೆ ಮುಟ್ಟಿಸಿದರೆ ಬೇಕಾದಷ್ಟೇ ಏರುತ್ತದೆ, ಕ್ಯಾಸೆಟ್ಟಿನ ಬಾವಿಯ (ರಕ್ತ ಹಾಕುವ ಗುಳಿಯ) ಪಟ್ಟಿಗೆ ಒತ್ತಿದರೆ ಇಳಿಯುತ್ತದೆ. ಪಿಪೆಟ್ಟಿನಲ್ಲಿ ಗುರುತಿನ ಗೆರೆಯವರೆಗೆ ಸರಿಯಾಗಿ ಎಳೆಯಲು ಅಭ್ಯಾಸ ಬೇಕು. ಟೆಂಡರಿನಲ್ಲಿ ಆಯ್ಕೆ ಇದ್ದರೆ ಈ ಸಣ್ಣ ಕಡ್ಡಿಯ ಬಗ್ಗೆ ಹಟ ಹಿಡಿಯುವುದು ತಪ್ಪಲ್ಲ. 5 ಮೈಕ್ರೋಲೀಟರ್ ಎಂಬುದು ಕಣ್ಣಂದಾಜಿನ ಅಳತೆಯಲ್ಲ. ರಕ್ತ ಹೆಚ್ಚಾದರೆ ಕಿಟಕಿಯೆಲ್ಲ ಕೆಂಪಾಗಿ ಮಸುಕು ಗೆರೆ ಮುಚ್ಚಿಹೋಗುತ್ತದೆ. ಕಡಿಮೆಯಾದರೆ ಪರಾವಲಂಬಿ ಇದ್ದೂ ಗೆರೆ ಮೂಡದೆ ಹೋಗಬಹುದು.

ಬಫರ್ ಹನಿಗಳ ಲೆಕ್ಕ ಕಿಟ್ಟಿನಿಂದ ಕಿಟ್ಟಿಗೆ ಬದಲಾಗುತ್ತದೆ. ಒಂದರಲ್ಲಿ ಎರಡು, ಇನ್ನೊಂದರಲ್ಲಿ ನಾಲ್ಕು. ಬಾಟಲಿಯನ್ನು ನೇರ ಹಿಡಿದು ಹನಿಸಬೇಕು, ಓರೆ ಹಿಡಿದರೆ ಹನಿಯ ಗಾತ್ರ ಬದಲಾಗುತ್ತದೆ. ರಕ್ತದ ಬಾವಿ ಬೇರೆ, ಬಫರ್ ಬಾವಿ ಬೇರೆ. ಎರಡನ್ನೂ ಅದಲುಬದಲು ಮಾಡಿದರೆ ಪರೀಕ್ಷೆ ಕೆಟ್ಟಿತು. ಬಫರ್ ಮುಗಿದಾಗ ಇನ್ನೊಂದು ಕಂಪನಿಯ ಬಾಟಲಿ ಹಾಕುವುದು, ಸಲೈನ್ ಹಾಕುವುದು, ನಲ್ಲಿ ನೀರು ಹಾಕುವುದು ಮೂರೂ ಸುಳ್ಳು ಗೆರೆಗಳಿಗೆ ದಾರಿ. ಇಪ್ಪತ್ತೈದು ಪರೀಕ್ಷೆಗೆ ಒಂದೇ ಬಾಟಲಿ ಕೊಡುವ ಪೆಟ್ಟಿಗೆಯಲ್ಲಿ ನಮಗೆ ಕಾಣುವ ದೊಡ್ಡ ಕೊರತೆ ಇದೇ. ಒಂದು ಪೆಟ್ಟಿಗೆಯನ್ನು ಮೂರು ಹಳ್ಳಿಗೆ ಹಂಚಿದಾಗ ಇಬ್ಬರ ಕೈಗೆ ಬಫರ್ ಇರುವುದಿಲ್ಲ. ಒಂದೊಂದು ಪರೀಕ್ಷೆಗೂ ಪ್ರತ್ಯೇಕ ಬಫರ್ ಇರುವ ಪೊಟ್ಟಣಗಳೂ ಮಾರುಕಟ್ಟೆಯಲ್ಲಿವೆ. ಚದುರಿದ ಊರುಗಳಿಗೆ, ಗಡಿ ಚೌಕಿಗಳಿಗೆ ಅವನ್ನೇ ತರಿಸಿ.

ಓದುವ ಹೊತ್ತು ಕೂಡ ಕಿಟ್ಟಿನ ಪತ್ರ ಹೇಳಿದಷ್ಟೇ, ಹೆಚ್ಚಿನವಕ್ಕೆ 15ರಿಂದ 20 ನಿಮಿಷ. ಅವಸರದಲ್ಲಿ ಐದು ನಿಮಿಷಕ್ಕೆ ನೋಡಿ 'ಇಲ್ಲ' ಎಂದು ಬರೆದರೆ ಮಸುಕಾದ ಗೆರೆ ಮೂಡುವ ಮೊದಲೇ ರೋಗಿ ಮನೆಗೆ ಹೋಗಿರುತ್ತಾನೆ. ಸಂಜೆ ಮನೆಗೆ ಹೋಗಿ ಓದಿದರೆ ರಕ್ತ ಹಿಂದಕ್ಕೆ ಹರಿದು ಇಲ್ಲದ ಗೆರೆ ಕಾಣಬಹುದು. ಗಡಿಯಾರ ನೋಡಿ ಹೊತ್ತನ್ನು ಕ್ಯಾಸೆಟ್ಟಿನ ಮೇಲೇ ಬರೆಯುವುದು ಒಳ್ಳೆಯ ರೂಢಿ. ಗೆರೆ ಎಷ್ಟೇ ತೆಳುವಾಗಿರಲಿ, ಮೂಡಿದರೆ ಅದು ಪಾಸಿಟಿವ್. 'ಸಿ' ಗೆರೆ ಬಾರದಿದ್ದರೆ ಉಳಿದ ಗೆರೆಗಳಿಗೆ ಬೆಲೆಯಿಲ್ಲ, ಹೊಸ ಕ್ಯಾಸೆಟ್ಟಿನಲ್ಲಿ ಮತ್ತೆ ಮಾಡಬೇಕು.

ಶಾಖದ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಕ್ಯಾಸೆಟ್ಟಿನೊಳಗಿನ ಪಟ್ಟಿಗೆ ಅಂಟಿಸಿರುವುದು ಪ್ರತಿಕಾಯಗಳು, ಅವೂ ಪ್ರೋಟೀನುಗಳೇ. ಹೆಚ್ಚಿನ ಕಿಟ್‌ಗಳ ಮೇಲಿನ ಮಿತಿ 30 ಅಥವಾ 40 ಡಿಗ್ರಿ ಸೆಲ್ಸಿಯಸ್. 30ರ ಕಿಟ್ ನಮ್ಮ ಸೀಮೆಗೆ ಆಗುವುದಿಲ್ಲ. ಗಡಿಯಲ್ಲಿ ಸರಕು ದಾಟಲು ಕಾಯುವ ಲಾರಿ ಬಿಸಿಲಲ್ಲಿ ನಿಂತರೆ, ತಗಡಿನ ಮಾಡಿನ ಉಗ್ರಾಣದಲ್ಲಿ ಪೆಟ್ಟಿಗೆ ಸೂರಿಗೆ ತಾಗುವಂತೆ ಪೇರಿಸಿದರೆ 40ನ್ನೂ ದಾಟುತ್ತದೆ. ಶಾಖ ತಗುಲಿದ ಕಿಟ್ ನೋಡಲು ಹೊಸದರಂತೆಯೇ ಇರುತ್ತದೆ, 'ಸಿ' ಗೆರೆಯೂ ಚೆನ್ನಾಗಿ ಮೂಡಬಹುದು. ಏಕೆಂದರೆ ಕಂಟ್ರೋಲ್ ಗೆರೆ ಹೇಳುವುದು ದ್ರವ ಹರಿಯಿತು, ಬಣ್ಣದ ಕಣಗಳು ಅಂಟಿದವು ಎಂಬುದನ್ನು ಮಾತ್ರ. ಮಲೇರಿಯಾ ಹಿಡಿಯುವ ಗೆರೆ ಸೊರಗಿದೆಯೇ ಎಂಬುದನ್ನು ಅದು ಹೇಳದು. ಎರಡು ಗೆರೆಗಳಲ್ಲಿ ಪಿಎಲ್‌ಡಿಎಚ್ ಗೆರೆ ಶಾಖಕ್ಕೆ ಬೇಗ ಬಗ್ಗುವುದು, ಅಂದರೆ ಮೊದಲು ಕಣ್ಣು ತಪ್ಪಿಸಿಕೊಳ್ಳುವುದು ವೈವಾಕ್ಸ್. ನೆಲಮಟ್ಟದ ತಂಪಾದ ಕೋಣೆ, ನೆಲಕ್ಕೆ ತಾಗದ ಹಲಗೆ, ಗೋಡೆಗೊಂದು ಥರ್ಮಾಮೀಟರ್, ದಿನಕ್ಕೊಮ್ಮೆ ಬರೆಯುವ ಪುಸ್ತಕ ಇಷ್ಟಿದ್ದರೆ ಸಾಕು. ಫ್ರೀಜರಿನಲ್ಲಿ ಇಡಬಾರದು.

ಈ ತೊಂದರೆಗೆ ದೇಶಗಳು ಕೂಡಿ ಕಂಡುಕೊಂಡ ಉತ್ತರ ಲಾಟ್ ಪರೀಕ್ಷೆ. ಕಾರ್ಖಾನೆಯಿಂದ ಬಂದ ಒಂದೊಂದು ಲಾಟಿನಿಂದಲೂ, ಅಂದರೆ ಒಟ್ಟಿಗೆ ತಯಾರಾದ ಕಂತಿನಿಂದಲೂ, ಕೆಲವು ಕಿಟ್ ತೆಗೆದು, ಗೊತ್ತಿರುವ ಸಾಂದ್ರತೆಯ ರಕ್ತದ ಮೇಲೆ ಅವನ್ನು ಪರೀಕ್ಷಿಸುತ್ತಾರೆ. ಒಂದು ಮೈಕ್ರೋಲೀಟರಿಗೆ 200 ಪರಾವಲಂಬಿ ಇರುವ ರಕ್ತವೇ ಇಲ್ಲಿ ಕಷ್ಟದ ಪರೀಕ್ಷೆ. ವಿಶ್ವ ಆರೋಗ್ಯ ಸಂಸ್ಥೆಯ ಯೋಜನೆಯಲ್ಲಿ ಏಷ್ಯಾದ ದೇಶಗಳ ಲಾಟುಗಳು ಫಿಲಿಪ್ಪೀನ್ಸಿನ ಉಷ್ಣವಲಯ ರೋಗಗಳ ಸಂಶೋಧನಾ ಸಂಸ್ಥೆಗೂ ಕಾಂಬೋಡಿಯಾದ ಪಾಶ್ಚರ್ ಸಂಸ್ಥೆಗೂ ಹೋಗುತ್ತಿದ್ದವು. ಒಂದೊಂದು ಸಣ್ಣ ದೇಶವೂ ತನ್ನದೇ ಪ್ರಯೋಗಾಲಯ ಕಟ್ಟುವುದಕ್ಕಿಂತ ಇದು ಎಷ್ಟೋ ಮಿತವ್ಯಯ, ಫಲಿತಾಂಶವೂ ಎಲ್ಲರಿಗೂ ಒಂದೇ ಅಳತೆಯದು. ಸರಬರಾಜುದಾರರಿಂದ ಲಾಟ್ ಪರೀಕ್ಷೆಯ ವರದಿ ಕೇಳದೆ ಬಿಲ್ ಪಾಸು ಮಾಡಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕಿಟ್ಟಿಗೆ ಕಾಣದ್ದು ಏನು? ಮೊದಲನೆಯದು ಅತಿ ಕಡಿಮೆ ಸಾಂದ್ರತೆಯ ಸೋಂಕು. ಜ್ವರವೇ ಇಲ್ಲದೆ ಓಡಾಡುವವರಲ್ಲಿ ಪರಾವಲಂಬಿ ಬೆರಳೆಣಿಕೆಯಷ್ಟಿದ್ದರೆ ಗೆರೆ ಮೂಡುವುದಿಲ್ಲ. ಗಡಿಯಲ್ಲಿ ದಾಟುವವರನ್ನೆಲ್ಲ ಸಾಲಾಗಿ ನಿಲ್ಲಿಸಿ ಆರ್‌ಡಿಟಿ ಮಾಡಿ 'ಶುದ್ಧ' ಎಂದು ಬಿಡುವ ಪದ್ಧತಿಯ ಮೇಲೆ ನಮಗೆ ಭರವಸೆಯಿಲ್ಲದಿರುವುದು ಇದೇ ಕಾರಣಕ್ಕೆ. ಆ ಕೈಗಳನ್ನು ಜ್ವರ ಬಂದವರನ್ನು ಬೇಗ ತಲುಪಲು ಬಳಸಿದರೆ ಹೆಚ್ಚು ಫಲ. ಎರಡನೆಯದು ಯಕೃತ್ತಿನ ವೈವಾಕ್ಸ್, ಅದನ್ನು ತೋರಿಸುವ ರಕ್ತಪರೀಕ್ಷೆ ಕ್ಷೇತ್ರದಲ್ಲಿ ಯಾವುದೂ ಇಲ್ಲ. ಮೂರನೆಯದು ಜೀನ್ ಕಳೆದುಕೊಂಡ ಫಾಲ್ಸಿಪಾರಮ್. ಎಚ್‌ಆರ್‌ಪಿ2 ಜೀನೇ ಇಲ್ಲದ ಪರಾವಲಂಬಿಗಳು ಪೆರುವಿನಲ್ಲಿ ಕಂಡಿದ್ದು 2010ರಲ್ಲಿ ವರದಿಯಾಯಿತು. ಮುಂದೆ ಎರಿಟ್ರಿಯಾದಲ್ಲಿ ಅವು ಎಷ್ಟು ಹಬ್ಬಿದ್ದವೆಂದರೆ ದೇಶ ಕಿಟ್ಟನ್ನೇ ಬದಲಿಸಬೇಕಾಯಿತು. ಇದರಿಂದಾಗುವ ಸುಳ್ಳು ನೆಗೆಟಿವ್ ನೂರಕ್ಕೆ 5 ದಾಟಿದರೆ ಬೇರೆ ಬಗೆಯ ಪರೀಕ್ಷೆಗೆ ಹೋಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಾರತದಲ್ಲೂ ಇಂಥ ಪರಾವಲಂಬಿಗಳು ಸಿಕ್ಕಿವೆ, ಪ್ರಮಾಣ ಕಡಿಮೆ. ಆದರೆ ಇದು ಒಂದು ದೇಶ ಒಬ್ಬಂಟಿಯಾಗಿ ಕಾಯಬಹುದಾದ ಬಾಗಿಲಲ್ಲ. ಆಚೆ ಕಡೆಯವರ ಸ್ಲೈಡ್ ಪಾಸಿಟಿವ್, ಕಿಟ್ ನೆಗೆಟಿವ್ ಎಂಬ ಪ್ರಕರಣಗಳ ಪಟ್ಟಿ ಈಚೆಯವರಿಗೂ ಬರಬೇಕು.

ಇದಕ್ಕೆ ತದ್ವಿರುದ್ಧ ತೊಂದರೆಯೂ ಇದೆ. ಔಷಧಿಯಿಂದ ಗುಣವಾದ ಮೇಲೂ ಎಚ್‌ಆರ್‌ಪಿ2 ವಾರಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಹಾಗಾಗಿ ಮಾತ್ರೆ ಕೆಲಸ ಮಾಡಿತೇ ಎಂದು ನೋಡಲು ಈ ಕಿಟ್ ಬಳಸಬಾರದು, ಅದಕ್ಕೆ ರಕ್ತಲೇಪನವೇ ಬೇಕು. ಗಡಿಯಲ್ಲಿ ಇದರಿಂದ ದಿನವೂ ಗೊಂದಲ. ಆಚೆ ಚಿಕಿತ್ಸೆ ಮುಗಿಸಿ ಬಂದವನಿಗೆ ಈಚೆ ನೆಗಡಿ ಜ್ವರ ಬಂದರೆ ಪಿಎಫ್ ಗೆರೆ ಮೂಡುತ್ತದೆ, ಮತ್ತೆ ಪೂರ್ತಿ ಮಾತ್ರೆ ನುಂಗಿಸುತ್ತಾರೆ. ಹಿಂದಿನ ಚಿಕಿತ್ಸೆಯ ದಿನಾಂಕ ಬರೆದ ಒಂದು ಚೀಟಿ ರೋಗಿಯ ಕೈಯಲ್ಲಿದ್ದರೆ ಈ ತಪ್ಪು ಆಗುವುದಿಲ್ಲ.

ಗೆರೆ ಮೂಡಿದ ಮೇಲಿನ ಕಥೆಯೂ ಗಡಿಗೊಂದು ಬಗೆ. 2013ರ ನಮ್ಮ ರಾಷ್ಟ್ರೀಯ ಔಷಧ ನೀತಿಯಲ್ಲಿ ಫಾಲ್ಸಿಪಾರಮ್‌ಗೆ ಈಶಾನ್ಯ ರಾಜ್ಯಗಳಲ್ಲಿ ಆರ್ಟಿಮೆಥರ್-ಲುಮೆಫ್ಯಾಂಟ್ರಿನ್, ಉಳಿದ ಕಡೆ ಆರ್ಟಿಸುನೇಟ್ ಜೊತೆ ಸಲ್ಫಾಡಾಕ್ಸಿನ್-ಪೈರಿಮೆಥಮಿನ್. ಈಶಾನ್ಯದಲ್ಲಿ ಎರಡನೆಯದು ಸೋಲತೊಡಗಿದ್ದೇ ಈ ವ್ಯತ್ಯಾಸಕ್ಕೆ ಕಾರಣ. ಅದರೊಂದಿಗೆ ಎರಡನೇ ದಿನ ಕೆಜಿಗೆ 0.75 ಮಿಲಿಗ್ರಾಂ ಲೆಕ್ಕದಲ್ಲಿ ಒಂದೇ ಸಲ ಪ್ರೈಮಾಕ್ವಿನ್. ವೈವಾಕ್ಸ್‌ಗೆ ಮೂರು ದಿನದಲ್ಲಿ ಒಟ್ಟು ಕೆಜಿಗೆ 25 ಮಿಲಿಗ್ರಾಂ ಕ್ಲೋರೋಕ್ವಿನ್, ಜೊತೆಗೆ ದಿನಕ್ಕೆ ಕೆಜಿಗೆ 0.25 ಮಿಲಿಗ್ರಾಂನಂತೆ 14 ದಿನ ಪ್ರೈಮಾಕ್ವಿನ್. ಗರ್ಭಿಣಿಯರಿಗೆ, ಹಸುಗೂಸುಗಳಿಗೆ, ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಪ್ರೈಮಾಕ್ವಿನ್ ಸಲ್ಲದು. ಮೂತ್ರ ಕಪ್ಪಾದರೆ ಕೂಡಲೇ ನಿಲ್ಲಿಸಿ ವೈದ್ಯರಲ್ಲಿಗೆ ಕಳಿಸಬೇಕು. ಮಾತ್ರೆಯನ್ನು ಆರೋಗ್ಯ ಕಾರ್ಯಕರ್ತರೇ ಕೊಡಬೇಕು, ಅಂಗಡಿಯಿಂದ ಅರ್ಧಂಬರ್ಧ ತಂದು ನುಂಗುವುದು ಬೇಡ. ವೈವಾಕ್ಸ್ ರೋಗಿಗೆ ಮೂರನೇ ದಿನಕ್ಕೆ ಜ್ವರ ಬಿಡುತ್ತದೆ, ಐದನೇ ದಿನ ಆತ ಕೂಲಿಗೆ ಗಡಿ ದಾಟುತ್ತಾನೆ. ಉಳಿದ ಒಂಬತ್ತು ದಿನದ ಪ್ರೈಮಾಕ್ವಿನ್ ನುಂಗಿಸುವವರು ಯಾರು? ಎರಡು ದೇಶಗಳ ಸಹಕಾರ ಎಂಬ ದೊಡ್ಡ ಮಾತು ನೆಲಕ್ಕೆ ಇಳಿಯುವುದು ಈ ಒಂಬತ್ತು ದಿನದ ಮಾತ್ರೆಗಳ ವಿಚಾರದಲ್ಲಿ. ಪಕ್ಕದ ಜಿಲ್ಲೆಯ ಮಲೇರಿಯಾ ಅಧಿಕಾರಿಗೆ ಅದೇ ದಿನ ಒಂದು ಕರೆ, ಅಲ್ಲಿಯ ಕಾರ್ಯಕರ್ತರ ಕೈಗೆ ಹೆಸರು ಮತ್ತು ಉಳಿದ ದಿನಗಳ ಲೆಕ್ಕ ಸಿಗಬೇಕು.

ಚೀನಾ 1-3-7 ಎಂಬ ಲೆಕ್ಕ ಪಾಲಿಸಿತು: ಒಂದು ದಿನದೊಳಗೆ ವರದಿ, ಮೂರು ದಿನದೊಳಗೆ ಎಲ್ಲಿಂದ ಬಂತೆಂಬ ತನಿಖೆ, ಏಳು ದಿನದೊಳಗೆ ಆ ಜಾಗದಲ್ಲಿ ಕ್ರಮ. 2021ರಲ್ಲಿ ಅದು ಮಲೇರಿಯಾ ಮುಕ್ತ ಎಂದು ಪ್ರಮಾಣಿತವಾಯಿತು. ಪಾಸಿಟಿವ್ ಬಂದ ಗಳಿಗೆಯಲ್ಲೇ ವರದಿ ಹೊರಡಬಹುದಾದ್ದರಿಂದ ಇಂಥ ಲೆಕ್ಕಕ್ಕೆ ಆರ್‌ಡಿಟಿ ಹೇಳಿಮಾಡಿಸಿದ ಹಾಗಿದೆ. ದಕ್ಷಿಣ ಆಫ್ರಿಕಾ, ಸ್ವಾಝಿಲ್ಯಾಂಡ್ (ಇಂದಿನ ಎಸ್ವಾಟಿನಿ), ಮೊಜಾಂಬಿಕ್ 1999ರಲ್ಲಿ ಲುಬೊಂಬೊ ಒಪ್ಪಂದ ಮಾಡಿಕೊಂಡು ಗಡಿಯಾಚೆಯ ದಕ್ಷಿಣ ಮೊಜಾಂಬಿಕ್ಕಿನ ಮನೆಗಳಿಗೂ ಕೀಟನಾಶಕ ಸಿಂಪಡಿಸಿದವು. ಅದರ ಜೊತೆಗೆ ದಕ್ಷಿಣ ಆಫ್ರಿಕಾ ಔಷಧವನ್ನೂ ಕೀಟನಾಶಕವನ್ನೂ ಬದಲಿಸಿತು. ಎಲ್ಲವೂ ಸೇರಿ ಆ ದೇಶದ ಕ್ವಾಝುಲು-ನಟಾಲ್ ಪ್ರಾಂತ್ಯದ ಮಲೇರಿಯಾ ಕೆಲವೇ ವರ್ಷಗಳಲ್ಲಿ ಪಾತಾಳಕ್ಕಿಳಿಯಿತು. ಆಗ್ನೇಯ ಏಷ್ಯಾದ ಮೆಕಾಂಗ್ ಸೀಮೆಯ ಐದು ದೇಶಗಳು ಪರಾವಲಂಬಿಗಳು ಆರ್ಟಿಮಿಸಿನಿನ್ ಔಷಧಕ್ಕೆ ಬಗ್ಗದೆ ಹೋಗುವ ಭಯದಿಂದ 2013ರಿಂದ ಜಾಗತಿಕ ನಿಧಿಯ ಒಂದೇ ಯೋಜನೆಯಡಿ ಸೇರಿವೆ. ಅಲ್ಲಿ ಹಳ್ಳಿಯ ಮಲೇರಿಯಾ ಕಾರ್ಯಕರ್ತರ ಚೀಲದಲ್ಲಿ ಇರುವುದೂ ಇದೇ ಕ್ಯಾಸೆಟ್ಟು, ಇದೇ ಬಫರ್.

ಕರ್ನಾಟಕದವರಿಗೆ ಇದರಲ್ಲೇನು? ಮಂಗಳೂರಿಗೆ ಕಟ್ಟಡ ಕೆಲಸಕ್ಕೆ ಜಾರ್ಖಂಡ್, ಒಡಿಶಾ, ಪಶ್ಚಿಮ ಬಂಗಾಳದಿಂದ ಜನ ಬರುತ್ತಾರೆ. ಸ್ಲ್ಯಾಬಿನ ಮೇಲೆ ಕ್ಯೂರಿಂಗಿಗೆ ನಿಲ್ಲಿಸಿದ ನೀರಿನಲ್ಲಿ, ಮುಚ್ಚಳವಿಲ್ಲದ ಟ್ಯಾಂಕಿನಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೆಫೆನ್ಸೈ ಸೊಳ್ಳೆ ಬೆಳೆಯುತ್ತದೆ. ಅಂದರೆ ಅಲ್ಲಿಯ ಗಡಿ ಇರುವುದು ಕಟ್ಟಡದ ಗೇಟಿನಲ್ಲಿ. ಅಲ್ಲಿ ಹೆಚ್ಚಿನದು ವೈವಾಕ್ಸ್ ಆದ್ದರಿಂದ ಪಿವಿ ಗೆರೆ ಇಲ್ಲದ ಕಿಟ್ ತರಿಸಿ ಪ್ರಯೋಜನವಿಲ್ಲ. ಇದೇ ಸೊಳ್ಳೆ ಆಫ್ರಿಕಾದ ಜಿಬೂಟಿಯಲ್ಲಿ 2012ರಲ್ಲಿ, ಶ್ರೀಲಂಕಾದ ಮನ್ನಾರ್ ದ್ವೀಪದಲ್ಲಿ 2016ರಲ್ಲಿ ಕಾಣಿಸಿಕೊಂಡಿತು. ಶ್ರೀಲಂಕಾ ಮಲೇರಿಯಾ ಮುಕ್ತವೆಂದು ಪ್ರಮಾಣಪತ್ರ ಪಡೆದದ್ದೂ ಅದೇ 2016ರಲ್ಲಿ. 2018ರ ಕೊನೆಗೆ ಹೊರದೇಶದಿಂದ ಬಂದ ಕಾರ್ಮಿಕರೊಬ್ಬರ ವೈವಾಕ್ಸ್ ಅಲ್ಲಿಯ ಒಬ್ಬರಿಗೆ ಹರಡಿತು. ಬೇಗ ಪತ್ತೆಯಾದ್ದರಿಂದ ಅಲ್ಲಿಗೇ ನಿಂತಿತು. ಮಂಗಳೂರು, ಉಡುಪಿಯ ಗುತ್ತಿಗೆದಾರರು ಕಿಟ್ ಕೊಂಡು ತಾವೇ ಬೆರಳು ಚುಚ್ಚುವ ಅಗತ್ಯವಿಲ್ಲ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಜ್ವರ ಬಂದ ಕಾರ್ಮಿಕನನ್ನು ಅದೇ ದಿನ ಕಳಿಸಬೇಕು, ಊರಿಗೆ ಹೊರಟರೆ ಉಳಿದ ಮಾತ್ರೆ ಕೈಗಿಟ್ಟೇ ಕಳಿಸಬೇಕು.

ಒಟ್ಟಿನಲ್ಲಿ ಬಳಕೆಯ ಸುಲಭಕ್ಕೆ ನಾವು 5ಕ್ಕೆ 4 ಕೊಡುತ್ತೇವೆ, ಹಂಚಿಕೊಂಡ ಬಫರ್ ಬಾಟಲಿಗೆ ಒಂದು ಅಂಕ ಕಳೆದು. ಫಾಲ್ಸಿಪಾರಮ್ ಪತ್ತೆಗೆ 4. ವೈವಾಕ್ಸ್ ಪತ್ತೆಗೆ 3, ಬೇಸಿಗೆಯ ಗೋದಾಮಿನಿಂದ ಬಂದದ್ದಾದರೆ ಅದಕ್ಕಿಂತ ಕಡಿಮೆ. ಟೆಂಡರ್ ಬರೆಯುವವರು ಪಿಎಫ್-ಪಿವಿ ಕಿಟಕಿ, 40 ಡಿಗ್ರಿ ಮಿತಿ, ಬಿಡಿ ಬಫರ್, ಬೋರಲು ಬಟ್ಟಲಿನ ಕಡ್ಡಿ, ಲಾಟ್ ವರದಿ ಕೇಳಿ. ಮಾಲು ತಲುಪಿದ ದಿನದಿಂದ ಕನಿಷ್ಠ ಒಂದೂವರೆ ವರ್ಷದ ಅವಧಿ ಉಳಿದಿರಲಿ. ಸಾಧ್ಯವಾದರೆ ಪಕ್ಕದ ಜಿಲ್ಲೆ ಬಳಸುವ ಉತ್ಪನ್ನವನ್ನೇ ತರಿಸಿ, ವರ್ಷವರ್ಷ ಬದಲಿಸಬೇಡಿ. ಉತ್ಪನ್ನ ಬದಲಾದರೆ ಹನಿಯ ಲೆಕ್ಕವೂ ಓದುವ ಹೊತ್ತೂ ಬದಲಾಗುತ್ತವೆ, ಕಾರ್ಯಕರ್ತೆಯರಿಗೆ ಮತ್ತೆ ತರಬೇತಿ ಕೊಡಬೇಕು. ಪೆಟ್ಟಿಗೆಯೊಳಗೆ ಕಂಪನಿ ಕೊಡದ ಒಂದು ವಸ್ತುವನ್ನು ನೀವೇ ಸೇರಿಸಿ: ಎರಡೂ ಕಡೆಯ ಭಾಷೆಯಲ್ಲಿ ಅಚ್ಚು ಮಾಡಿಸಿದ ದಪ್ಪ ಕಾಗದದ ಚೀಟಿ. ಹೆಸರು, ಪರೀಕ್ಷೆಯ ದಿನ, ಮೂಡಿದ ಗೆರೆ, ಕೊಟ್ಟ ಮಾತ್ರೆ, ಉಳಿದ ದಿನಗಳು, ಮತ್ತು ಜ್ವರ ಬರುವ ಮುಂಚಿನ ಎರಡು ವಾರ ಯಾವ ಯಾವ ಊರಿನಲ್ಲಿ ರಾತ್ರಿ ಮಲಗಿದ್ದರು ಎಂದು ಬರೆಯಲು ಎರಡು ಸಾಲು ಖಾಲಿ ಜಾಗ.